ಸಹಾಯ ಬೇಕು: ಮರಿಯಾ ಥೆರೇಸಾ ರಾಣಿಯಾ, ಸಾಮ್ರಾಜ್ಞಿಯಾ?

ಆಸ್ಟ್ರಿಯಾ ಆಳಿದ ಹ್ಯಾಬ್ಸ್‌ಬರ್ಗ್ ರಾಜಮನೆತನದ ವಂಶವೃಕ್ಷ ಬರೆಯುತ್ತಾ ಒಂದೇ ಚೌಕದಲ್ಲಿ ಸಿಕ್ಕಿಕೊಂಡಿದ್ದೇನೆ. 1740ರಲ್ಲಿ ಅಪ್ಪ ಆರನೇ ಚಾರ್ಲ್ಸ್ ತೀರಿಕೊಂಡ ಮೇಲೆ ಆಸ್ಟ್ರಿಯಾ, ಹಂಗೇರಿ ಎಲ್ಲ ಮರಿಯಾ ಥೆರೇಸಾಗೆ ಬಂತು. ಹೆಣ್ಣುಮಕ್ಕಳಿಗೂ ಸಿಗಲಿ ಅಂತ ಅವನು 1713ರಲ್ಲೇ ಕಟ್ಟಳೆ ಮಾಡಿಟ್ಟಿದ್ದ. 1741ರಲ್ಲಿ ಹಂಗೇರಿಯ ಕಿರೀಟ ತೊಟ್ಟು, ಕುದುರೆ ಮೇಲೆ ದಿಬ್ಬ ಹತ್ತಿ, ನಾಲ್ಕೂ ದಿಕ್ಕಿಗೆ ಕತ್ತಿ ಬೀಸಿದಳು. ಗಟ್ಟಿಗಿತ್ತಿ ಅಲ್ವಾ!

ಗೊಂದಲ ಇಲ್ಲಿಂದ. ಪವಿತ್ರ ರೋಮನ್ ಚಕ್ರವರ್ತಿಯ (ಹೆಚ್ಚಾಗಿ ಜರ್ಮನ್ ನಾಡುಗಳಿದ್ದ ಸಾಮ್ರಾಜ್ಯದ ದೊರೆ) ಪಟ್ಟ ಹೆಂಗಸರಿಗಿರಲಿಲ್ಲ. 1745ರಲ್ಲಿ ಅದು ಗಂಡ ಫ್ರಾನ್ಸಿಸ್‌ಗೆ, 1765ರಲ್ಲಿ ಮಗ ಜೋಸೆಫ್‌ಗೆ ಹೋಯಿತು. ಆದರೂ 1780ರವರೆಗೆ ಆಸ್ಟ್ರಿಯಾ ಆಳಿದ್ದು ಇವಳೇ. ಮೂರು ಪುಸ್ತಕ ತಿರುವಿದೆ, ಒಂದರಲ್ಲಿ ರಾಣಿ, ಎರಡರಲ್ಲಿ ಸಾಮ್ರಾಜ್ಞಿ. ಅಳಿಸಿ ಅಳಿಸಿ ಕಾಗದ ತೂತಾಗಿದೆ.

‘ಸಾಮ್ರಾಜ್ಞಿ’ ಅನ್ನುವುದು ಬರೀ ಗಂಡನಿಂದ ಬಂದ ಬಿರುದಾ? ಚೌಕದಲ್ಲಿ ಅದನ್ನೇ ಹಾಕಲಾ, ‘ಹಂಗೇರಿಯ ರಾಣಿ’ ಅಂತ ಬರೆಯಲಾ?