1969ರ ಕಮಾರೋ ಝಡ್/28: ಇಂಜಿನ್ ಆ ಕಾರಿನದೇನಾ?

ತಿಲಕವಾಡಿ ಹುಡುಗ
ನಮಸ್ಕಾರ. ಅಣ್ಣ ಅಮೆರಿಕದ ಒಹಾಯೋದಲ್ಲಿದ್ದಾನೆ. ಅಲ್ಲಿ ಒಬ್ಬರು 1969ರ ಶೆವರ್ಲೆ ಕಮಾರೋ ಮಾರುತ್ತಿದ್ದಾರೆ. ಝಡ್/28 (ಕಮಾರೋದ ರೇಸಿಂಗ್ ಥರದ ಮಾದರಿ), ಕಂಪನಿಯಿಂದ ಬಂದ 302 ಘನ ಇಂಚಿನ ಇಂಜಿನ್ನೇ ಇದೆ ಅಂತ ಹೇಳಿ ಮಾಮೂಲಿ ಕಮಾರೋಗಿಂತ ತುಂಬಾ ಜಾಸ್ತಿ ರೇಟು ಕೇಳುತ್ತಿದ್ದಾರೆ. ಚಾಸಿ ನಂಬರ್ 12437ರಿಂದ ಶುರು. ಇಂಜಿನ್ ಮೇಲೆ 302ರ ಕೋಡ್ ಆದ ಡಿಝಡ್ ಅಂತ ಪಂಚ್ ಇದೆ. ಅಣ್ಣ ಅಡ್ವಾನ್ಸ್ ಕೊಡಲು ತಯಾರಾಗಿದ್ದಾನೆ, ಅದರಲ್ಲಿ ನನ್ನ ದುಡ್ಡೂ ಇದೆ. ಇಷ್ಟು ನೋಡಿದರೆ ಸಾಕಾ?

ಜಮಖಂಡಿ ಗೇರ್‌ಬಾಕ್ಸ್
ಸಾಲದು. 12437 ಅಂದರೆ ವಿ8 (ಎಂಟು ಸಿಲಿಂಡರ್ ಇಂಜಿನ್) ಹಾಕಿದ ಕಮಾರೋ ಕೂಪೆ, ಅಷ್ಟೇ. ಯಾವ ವಿ8 ಅಂತ ಅದು ಹೇಳುವುದಿಲ್ಲ. ಆ ಕಾಲದ ಫೋರ್ಡ್ ಮಸ್ಟಾಂಗ್‌ನಲ್ಲಾದರೆ ಚಾಸಿ ನಂಬರಿನ ಐದನೇ ಅಕ್ಷರವೇ ಇಂಜಿನ್ ಕೋಡ್. 1967ರಿಂದ ಈಚಿನ ಫೋರ್ಡ್‌ಗಳಿಗೆ ಮಾರ್ಟಿ ರಿಪೋರ್ಟ್ (ಕಾರು ಕಾರ್ಖಾನೆಯಿಂದ ಹೇಗೆ ಬಂತು ಅನ್ನುವ ದಾಖಲೆ) ಕೂಡ ಸಿಗುತ್ತದೆ. ಕಮಾರೋಗೆ ಆ ಅನುಕೂಲ ಇಲ್ಲ. ಕಾರಿನಲ್ಲಿ ಏಸಿ ಅಥವಾ ಆಟೊಮ್ಯಾಟಿಕ್ ಗೇರ್ ಇದೆಯಾ ಕೇಳಿ. ಝಡ್/28ಕ್ಕೆ ಎರಡನ್ನೂ ಕೊಡುತ್ತಿರಲಿಲ್ಲ.

ಉದ್ಯಮಬಾಗ್ ಫೌಂಡ್ರಿ
ನಾನು ಫೌಂಡ್ರಿಯಲ್ಲಿ ಪ್ಯಾಟರ್ನ್ ಕೆಲಸದವನು. ಪಂಚ್ ಹೊಡೆದ ಅಕ್ಷರವನ್ನು ಎಲ್ಲಕ್ಕಿಂತ ಕೊನೆಗೆ ನಂಬುತ್ತೇನೆ. ಪಂಚ್ ಸೆಟ್ ಇದ್ದರೆ ಡಿಝಡ್ ಯಾರು ಬೇಕಾದರೂ ಹೊಡೆಯಬಹುದು. ಎರಕದಲ್ಲೇ ಉಬ್ಬಿ ಬಂದ ತಾರೀಖನ್ನು ತಿದ್ದುವುದು ಅಷ್ಟು ಸುಲಭ ಅಲ್ಲ.

ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನ ಮೇಲೆ ಆ ತಾರೀಖು ಇರುತ್ತದೆ. ಎ ಅಂದರೆ ಜನವರಿ, ಬಿ ಫೆಬ್ರವರಿ, ಹೀಗೆ. ಆಮೇಲೆ ದಿನ, ನಂತರ ವರ್ಷದ ಕೊನೆಯ ಅಂಕಿ. ಇಂಜಿನ್ ಜೋಡಿಸಿದ ತಿಂಗಳು, ದಿನ ಡಿಝಡ್ ಇರುವ ಸಾಲಿನಲ್ಲೇ ಇರುತ್ತವೆ. ಕಾರು ತಯಾರಾದ ವಾರ ಬಾನೆಟ್ ಒಳಗೆ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಮೇಲಿನ ತಗಡಿನ ಪಟ್ಟಿಯಲ್ಲಿ. ಮೊದಲು ಎರಕ, ಆಮೇಲೆ ಇಂಜಿನ್, ಆಮೇಲೆ ಕಾರು. ಈ ಕ್ರಮ ತಪ್ಪಿದರೆ ಆ ಇಂಜಿನ್ ಆ ಕಾರಿನದಲ್ಲ.

ಬ್ಲಾಕಿನ ಎರಕದ ನಂಬರ್ ನೋಡಿ ಸುಮ್ನೆ ಖುಷಿಪಡಬೇಡಿ. 3970010 ನಂಬರಿನ ಬ್ಲಾಕ್ 302ಕ್ಕೂ ಬಂದಿದೆ, 350 ಘನ ಇಂಚಿನ ಇಂಜಿನ್‌ಗೂ ಬಂದಿದೆ. ಎರಡಕ್ಕೂ ಬೋರ್ (ಸಿಲಿಂಡರಿನ ಅಗಲ) 4 ಇಂಚೇ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಮಾತ್ರ ಬೇರೆ, 302ಕ್ಕೆ 3 ಇಂಚು.

ಪಂಚ್ ಇರುವ ಜಾಗಕ್ಕೆ ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೆಸಿ. ಕಾರ್ಖಾನೆಯಲ್ಲಿ ಮೇಲ್ಮೈ ಕೆರೆದು ಸಮ ಮಾಡಿದ (ಬ್ರೋಚಿಂಗ್) ಸಣ್ಣ ಗೆರೆಗಳು ಒಂದೇ ದಿಕ್ಕಿನಲ್ಲಿ ಕಾಣಬೇಕು. ನಮ್ಮ ಉದ್ಯಮಬಾಗ್‌ನಲ್ಲಿ ಮೇಲ್ಮೈ ಮತ್ತೆ ಕತ್ತರಿಸಿ ಫೇಸಿಂಗ್ ಮಾಡಿಸಿದ ಬ್ಲಾಕ್ ನೋಡಿರುತ್ತೀರಿ, ಕಟ್ಟರ್ ತಿರುಗಿದ ಬಾಗಿದ ಗುರುತು ಬೀಳುತ್ತದೆ. ಅಂಥ ಗುರುತಿನ ಮೇಲೆ ಅಕ್ಷರ ಕೂತಿದ್ದರೆ ಅದು ಆಮೇಲೆ ಹೊಡೆದದ್ದು.

ತಿಲಕವಾಡಿ ಹುಡುಗ
ಅಣ್ಣ ಫೋಟೋ ಕಳಿಸಿದ. ಪಟ್ಟಿಯಲ್ಲಿ 02ಸಿ, ಎಕ್ಸ್33 ಅಂತ ಇದೆ. ಬ್ಲಾಕಿನ ಮೇಲೆ ಸಿ 14 9.

ಉದ್ಯಮಬಾಗ್ ಫೌಂಡ್ರಿ
02ಸಿ ಅಂದರೆ ಫೆಬ್ರವರಿ ಮೂರನೇ ವಾರ. ಬ್ಲಾಕ್ ಎರಕ ಆಗಿದ್ದು ಮಾರ್ಚ್ 14ಕ್ಕೆ. ಕಾರು ಹೊರಬಂದಾಗ ಈ ಬ್ಲಾಕ್ ಹುಟ್ಟಿರಲೇ ಇಲ್ಲ. ಈಗ ಕೇಳುತ್ತಿರುವ ರೇಟಿಗೆ ಒಂದು ರೂಪಾಯಿಯೂ ಅಡ್ವಾನ್ಸ್ ಬೇಡ.

ಆದರೆ ಕಾರನ್ನು ಕೈಬಿಡಬೇಡಿ. ಎಕ್ಸ್33 ನಾರ್ವುಡ್ ಕಾರ್ಖಾನೆಯಲ್ಲಿ ಝಡ್/28ಕ್ಕೆ ಹಾಕುತ್ತಿದ್ದ ಕೋಡ್. ಪಟ್ಟಿಯನ್ನೂ ನಕಲಿ ಮಾಡುತ್ತಾರೆ, ಅದಕ್ಕೇ ಅಲ್ಲಿನ ಕಮಾರೋ ಬಲ್ಲವರೊಬ್ಬರಿಂದ ಪರೀಕ್ಷೆ ಮಾಡಿಸಿ. ಹೀಟರ್ ಬಾಕ್ಸ್ ಬಿಚ್ಚಿಸಿ, ಅದರ ಹಿಂದೆ ಬಾಡಿಯ ಮೇಲಿರುವ ನಂಬರ್ ಡ್ಯಾಶ್ ಮೇಲಿನದಕ್ಕೆ ತಾಳೆ ಆಗುತ್ತದಾ ನೋಡಿಸಿ. ಹಳೆಯ ವಾರಂಟಿ ಪುಸ್ತಕದ ಲೋಹದ ಪ್ಲೇಟ್ ಇದ್ದರೆ ಕೇಳಿ, ಇಂಜಿನ್ ಕೋಡ್ ಅದರಲ್ಲೂ ಇರುತ್ತದೆ.

ಎಲ್ಲ ಸರಿ ಬಂದರೆ ಅದು ಅಸಲಿ ಝಡ್/28, ಇಂಜಿನ್ ಮಾತ್ರ ಬದಲಾಗಿದೆ. ಮಾಮೂಲಿ ಕಮಾರೋಗಿಂತ ಬೆಲೆ ಮೇಲೆ, ಹುಟ್ಟಿದ ಇಂಜಿನ್ ಉಳಿದಿರುವ ಕಾರಿಗಿಂತ ಕೆಳಗೆ. ಅಲ್ಲಿಂದ ಮಾತು ಶುರು ಮಾಡಲು ಅಣ್ಣನಿಗೆ ಹೇಳಿ. ಇಂಜಿನ್ ಬದಲಾಗಿದೆ ಅಂತ ಮಾರಾಟದ ಪತ್ರದಲ್ಲೇ ಬರೆಸಿಕೊಳ್ಳಲಿ.