ಕಲ್ಲುಕಂಬದ ದ್ರವ್ಯರಾಶಿ 81 ಕಿ.ಗ್ರಾಂ ಬದಲು 8,10,000 ಕಿ.ಗ್ರಾಂ ಬರುತ್ತಿದೆ: ಲೆಕ್ಕ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಮನೆಪಾಠದ ಶಿಕ್ಷಕಿ, ಮದ್ದೂರು

ಮಾನ್ಯರೇ, ಒಂಬತ್ತನೆಯ ತರಗತಿಯ ಮಕ್ಕಳಿಗೆ ನಮ್ಮ ಕಡೆ ಜಮೀನಿನ ಬೇಲಿಗೆ ನೆಡುವ ಕಲ್ಲುಕಂಬವನ್ನೇ ಲೆಕ್ಕವಾಗಿ ಕೊಟ್ಟಿದ್ದೆ. ಉದ್ದ 2 ಮೀಟರ್, ಅಗಲ 15 ಸೆಂ.ಮೀ., ದಪ್ಪ 10 ಸೆಂ.ಮೀ., ಕಲ್ಲಿನ ಸಾಂದ್ರತೆ ಘನ ಮೀಟರಿಗೆ 2700 ಕಿ.ಗ್ರಾಂ. ದ್ರವ್ಯರಾಶಿ 81 ಕಿ.ಗ್ರಾಂ ಬರಬೇಕು. ಸಾಂದ್ರತೆಯನ್ನು ಘನಫಲದಿಂದ ಗುಣಿಸಬೇಕೆಂದು ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಆದರೂ ಹಲವರ ಉತ್ತರ 8,10,000, ಒಬ್ಬನದು 8,10,00,000. ಇದನ್ನು ಹೇಗೆ ತಿದ್ದುವುದು?

ಉತ್ತರ: ನಿವೃತ್ತ ಅಧ್ಯಾಪಕ, ಮೈಸೂರು

ಮೇಡಂ, ತಪ್ಪು ಉತ್ತರವನ್ನು ಸರಿಯುತ್ತರದಿಂದ ಭಾಗಿಸಿ ನೋಡಿ. ಎಡವಿದ ಜಾಗ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ. 8,10,00,000 ಎಂಬುದು ಸರಿಯುತ್ತರದ ಹತ್ತು ಲಕ್ಷ ಪಟ್ಟು. ಒಂದು ಘನ ಮೀಟರಿನಲ್ಲಿ ಹತ್ತು ಲಕ್ಷ ಘನ ಸೆಂ.ಮೀ. ಇರುವುದರಿಂದ, ಆ ಹುಡುಗ 200 × 15 × 10 = 30,000 ಎಂದು ಘನಫಲ ಕಂಡುಕೊಂಡು, ಮಾನವನ್ನು ಬದಲಿಸದೆ ನೇರವಾಗಿ 2700ರಿಂದ ಗುಣಿಸಿದ್ದಾನೆ.

ಉಳಿದವರದು ಹತ್ತು ಸಾವಿರ ಪಟ್ಟು. ಇಲ್ಲಿ ಎರಡು ದಾರಿಗಳಿವೆ: ಮೀಟರನ್ನೂ ಸೆಂಟಿಮೀಟರನ್ನೂ ಬೆರೆಸಿ 2 × 15 × 10 = 300 ಎಂದು ಬರೆದಿರಬಹುದು, ಇಲ್ಲವೇ 30,000 ಘನ ಸೆಂ.ಮೀ.ಯನ್ನು ಮೂರು ಬಾರಿ ನೂರರಿಂದ ಭಾಗಿಸುವ ಬದಲು ಒಂದೇ ಬಾರಿ ಭಾಗಿಸಿರಬಹುದು. ಎರಡರ ಉತ್ತರವೂ ಒಂದೇ ಆಗುವುದರಿಂದ ಹಂತಗಳನ್ನು ನೋಡದೆ ನಿರ್ಧರಿಸಬೇಡಿ. ಮೊದಲನೆಯದು ಅವಸರ, ಎರಡನೆಯದರಲ್ಲಿ ಘನಮಾನದ ಕಲ್ಪನೆಯೇ ಕೂತಿಲ್ಲ, ಹೆಚ್ಚು ಹೊತ್ತು ಕೊಡಬೇಕಾದುದು ಅದಕ್ಕೇ.

ಗುಣಿಸುವ ಮೊದಲೇ ಮೂರು ಅಳತೆಗಳನ್ನೂ ಮೀಟರಿಗೆ ತಂದರೆ 2 × 0.15 × 0.10 = 0.03 ಘನ ಮೀಟರ್. ಅದನ್ನು 2700ರಿಂದ ಗುಣಿಸಿದರೆ 81. ಅಂದಹಾಗೆ, ಇಬ್ಬರು ಆಳುಗಳು ಎತ್ತಿ ನಿಲ್ಲಿಸುವ ಕಂಬ 810 ಟನ್ ತೂಗುವುದು ಸಾಧ್ಯವೇ ಎಂದು ಯಾವ ಮಗುವೂ ಕೇಳಿಕೊಳ್ಳದಿರುವುದು ನನಗೆ ಲೆಕ್ಕದ ತಪ್ಪಿಗಿಂತ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು ಸರ್. ಹಂತಗಳನ್ನು ನೋಡಿದೆ, ಹೆಚ್ಚಿನವರು ಒಂದೇ ಬಾರಿ ಭಾಗಿಸಿದ್ದಾರೆ. ಇನ್ನೊಂದು ಸಂದೇಹ: ಅದೇ ಕಲ್ಲಿನ 13.5 ಗ್ರಾಂ ಚೂರನ್ನು ಅಳತೆ ಜಾಡಿಯ ನೀರಿನಲ್ಲಿ ಮುಳುಗಿಸಿದಾಗ ಮಟ್ಟ 6 ಮಿ.ಲೀ. ಏರಿತು, ಸಾಂದ್ರತೆ ಮಿ.ಲೀ.ಗೆ 2.25 ಗ್ರಾಂ ಬಂತು. 2.7 (ಘನ ಮೀಟರಿಗೆ 2700 ಕಿ.ಗ್ರಾಂ ಎಂದರೂ ಅಷ್ಟೇ) ಏಕೆ ಬರಲಿಲ್ಲ?

ಉತ್ತರ: ನಿವೃತ್ತ ಅಧ್ಯಾಪಕ, ಮೈಸೂರು

ಜಾಡಿಯ ಗೆರೆಗಳು 2 ಮಿ.ಲೀ.ಗೆ ಒಂದರಂತೆ ಇರಬೇಕು. ಏರಿಕೆ ನಿಜವಾಗಿ 5 ಇದ್ದಿರಬಹುದು. ಎರಡು ಗೆರೆಗಳ ನಡುವೆ ನಿಂತ ಮಟ್ಟವನ್ನು ಮಕ್ಕಳು 6 ಎಂದು ಓದಿದರೆ 2.25, 4 ಎಂದು ಓದಿದರೆ ಸುಮಾರು 3.4 ಬರುತ್ತದೆ. ಅದೇ ಕಲ್ಲಿನ ಹಲವು ಚೂರುಗಳನ್ನು ಒಟ್ಟಿಗೆ ತೂಗಿ, 135 ಗ್ರಾಂನಷ್ಟು ತೆಗೆದುಕೊಳ್ಳಿ. ಆಗ ಏರಿಕೆ 50 ಮಿ.ಲೀ. ಆಗಿ, ಓದುವಾಗ 1 ಮಿ.ಲೀ. ಹೆಚ್ಚಾದರೂ ಉತ್ತರ ಸುಮಾರು 2.65ರಲ್ಲಿ ನಿಲ್ಲುತ್ತದೆ. ಚೂರುಗಳನ್ನು ಒಣಗಿದ್ದಾಗಲೇ ತೂಗಿಸಿ, ನೀರಿಗಿಳಿಸಿದ ಮೇಲೆ ಅಂಟಿದ ಗಾಳಿಗುಳ್ಳೆಗಳು ಬಿಡುವಂತೆ ಜಾಡಿಯನ್ನು ಮೆಲ್ಲನೆ ತಟ್ಟಿಸಿ. ನೀರಿನ ಮೇಲ್ಮೈ ಅಂಚಿನಲ್ಲಿ ಮೇಲೆದ್ದಿರುವುದರಿಂದ ಕಣ್ಣನ್ನು ಮಟ್ಟಕ್ಕೆ ಸಮವಾಗಿಟ್ಟು ನಡುವಿನ ತಗ್ಗನ್ನೇ ಓದಿಸಿ.