ಶ್ರೀಲಂಕಾ: ಕಾಣೆಯಾದವರ ಮನೆಯವರು ಮರಣ ಪತ್ರ ಯಾಕೆ ಬೇಡ ಅಂತಾರೆ?

ಹೇಮಾವತಿ ದಂಡೆ (ಹಾಸನ):
ಕಾಲೇಜಿನ ಇತಿಹಾಸ ಸಂಘದಲ್ಲಿ ಶ್ರೀಲಂಕಾ ತಮಿಳರ ಬಗ್ಗೆ ಮಾತಾಡಬೇಕಿದೆ. ಸರ್ಕಾರಿ ಸೇನೆಗೂ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡಿದ ಎಲ್‌ಟಿಟಿಇಗೂ ನಡೆದ ಯುದ್ಧ 2009ರ ಮೇನಲ್ಲಿ ಈಶಾನ್ಯ ಕರಾವಳಿಯ ಮುಳ್ಳಿವಾಯ್ಕಾಲ್‌ನಲ್ಲಿ ಮುಗಿಯಿತು. ಕಾಣೆಯಾದವರಿಗೊಂದು ಕಚೇರಿ, ಪರಿಹಾರಕ್ಕೊಂದು ಕಚೇರಿ ಆಯಿತು. ಆದರೂ ಉತ್ತರದ ಕಿಳಿನೊಚ್ಚಿಯಲ್ಲಿ ತಾಯಂದಿರು ಕಾಣೆಯಾದವರ ಫೋಟೊ ಹಿಡಿದು 2017ರ ಫೆಬ್ರವರಿಯಲ್ಲಿ ಶುರು ಮಾಡಿದ ಧರಣಿ ನಿಲ್ಲಲಿಲ್ಲ. ಮರಣ ಪತ್ರ ಯಾಕೆ ಬೇಡ? ಸುಳ್ಯದ ರಬ್ಬರ್ ತೋಟದ ತಮಿಳರೂ ಈ ಯುದ್ಧದಿಂದ ಬಂದವರಾ?

ಕಾಫಿಸೀಮೆ (ಮೂಡಿಗೆರೆ):
ಸುಳ್ಯ, ಪುತ್ತೂರಿನವರು ಬಹುತೇಕ ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಡಿ ಬಂದ, ಲಂಕೆಯ ಚಹಾ ತೋಟದ ಭಾರತೀಯ ಮೂಲದ ಕಾರ್ಮಿಕ ಕುಟುಂಬಗಳು. ಯುದ್ಧ ಶುರುವಾದದ್ದು 1983ರಲ್ಲಿ. ದಯವಿಟ್ಟು ಎರಡನ್ನೂ ಕಲಸಬೇಡಿ.

ಮರಣ ಪತ್ರಕ್ಕೆ ಬರೋಣ. ಕಣ್ಣೆದುರೇ ಮಗ ಸೇನೆಗೆ ಶರಣಾಗಿದ್ದನ್ನು ನೋಡಿದ ತಾಯಿ ಆ ಕಾಗದ ತಗೊಂಡರೆ, ಅವನು ಸತ್ತ ಅಂತ ತಾನೇ ಒಪ್ಪಿದ ಹಾಗೆ. ಎಲ್ಲಿಗೆ ಕರಕೊಂಡು ಹೋದಿರಿ ಅಂತ ಆಮೇಲೆ ಯಾರನ್ನು ಕೇಳೋದು? ತಿಥಿ ಮಾಡೋಕೂ ಮನಸ್ಸು ಬರಲ್ಲ, ಬಿಡೋಕೂ ಆಗಲ್ಲ. ಗಂಡ ಕಾಣೆಯಾದವಳು ಬೊಟ್ಟು ಇಟ್ಟರೂ ಮಾತು, ಅಳಿಸಿದರೂ ಮಾತು. ಇದಕ್ಕೇ 2016ರಲ್ಲಿ ಕಾನೂನು ತಿದ್ದಿ, ಆ ವ್ಯಕ್ತಿ ಸದ್ಯ ಇಲ್ಲ ಅಂತಷ್ಟೇ ಹೇಳುವ ಬೇರೆ ಪ್ರಮಾಣಪತ್ರ ತಂದರು. ಎರಡು ವರ್ಷ ನಡೆಯುತ್ತೆ, ಮತ್ತೆ ನವೀಕರಿಸಬಹುದು. ಸಾವನ್ನು ಒಪ್ಪದೆಯೇ ಸವಲತ್ತಿಗೆ ಅರ್ಜಿ ಹಾಕಬಹುದು.

ಗಿರಿಸಾಲು (ಚಿಕ್ಕಮಗಳೂರು):
ಹಲವರನ್ನು ಒಟ್ಟಿಗೆ ಹೂತ ಗುಂಡಿಗಳಿಂದ ಮೂಳೆ ತೆಗೆದು ಗುರುತಿಸುವ ಕೆಲಸ ಇನ್ನೂ ಕಷ್ಟ. ಅಗೆಯಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಗುಂಡಿಯ ಹತ್ತಿರ ನ್ಯಾಯವೈದ್ಯರೂ ಪುರಾತತ್ವದವರೂ ಇರಬೇಕು. ಮಣ್ಣನ್ನು ಪದರ ಪದರವಾಗಿ ಬ್ರಷ್ಷಿನಲ್ಲಿ ಸರಿಸಿ, ಒಂದೊಂದು ಅಸ್ಥಿಪಂಜರಕ್ಕೂ ನಂಬರ್ ಹಾಕಿ, ಪಕ್ಕದಲ್ಲಿ ಸಿಕ್ಕ ಬಟ್ಟೆ, ಬಳೆಗೂ ಅದೇ ನಂಬರ್ ಕೊಡಬೇಕು. ಜೆಸಿಬಿ ಇಳಿಸಿದರೆ ಯಾವ ಮೂಳೆ ಯಾರದು ಅಂತ ತಿಳಿಯೋದೇ ಇಲ್ಲ. ಜಾಫ್ನಾದ ಚೆಮ್ಮಣಿಯಲ್ಲಿ 2025ರಲ್ಲಿ ಮಗುವಿನ ಅಸ್ಥಿಯ ಜೊತೆ ನೀಲಿ ಶಾಲೆ ಬ್ಯಾಗು, ಗೊಂಬೆ ಸಿಕ್ಕವು.

ವಾಯವ್ಯದ ಮನ್ನಾರ್‌ನ ಗುಂಡಿಯಲ್ಲಿ 2018ರಲ್ಲಿ 300ಕ್ಕೂ ಹೆಚ್ಚು ಅಸ್ಥಿಪಂಜರ ಬಂದವು. ಮೂಳೆ ಎಷ್ಟು ಹಳೆಯದು ಅಂತ ಹೇಳುವ ಕಾರ್ಬನ್ ಪರೀಕ್ಷೆಗೆ ಹೋದದ್ದು ಆರೇ ಮಾದರಿ. ನೂರಾರು ವರ್ಷ ಹಿಂದಿನವು ಅಂತ ಬಂತು. ಮನೆಯವರು ಒಪ್ಪಲಿಲ್ಲ. ಆರು ತುಣುಕು ಇಡೀ ಗುಂಡಿಯ ಪರವಾಗಿ ಸಾಕ್ಷಿ ಹೇಳೀತೇ?

ಡಿಎನ್‌ಎ ಹೋಲಿಸಿ ಹೆಸರು ಪತ್ತೆ ಮಾಡಲು ತಾಯಂದಿರ ರಕ್ತವೋ ಎಂಜಲೋ ಈಗಲೇ ತೆಗೆದಿಡಬೇಕು. ಅವರಿಗೆ ವಯಸ್ಸಾಗಿದೆ, ಒಬ್ಬೊಬ್ಬರೇ ಹೋಗ್ತಿದ್ದಾರೆ. ಹೋಲಿಸಲು ಮಾದರಿಯೇ ಇಲ್ಲದಿದ್ದರೆ ಮೂಳೆ ಸಿಕ್ಕರೂ ಹೆಸರು ಸಿಗಲ್ಲ.

ಹೇಮಾವತಿ ದಂಡೆ:
ಸತ್ತವರ ಸಂಖ್ಯೆ ಎಷ್ಟು ಹೇಳಲಿ?

ಕಾಫಿಸೀಮೆ:
ಕೊನೆಯ ತಿಂಗಳುಗಳಲ್ಲಿ 40,000 ನಾಗರಿಕರವರೆಗೂ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ 2011ರ ತಜ್ಞರ ವರದಿ. ಅಂದಾಜು ಅಂತಲೇ ಹೇಳಿ. ಎಲ್‌ಟಿಟಿಇ ಮಕ್ಕಳ ಕೈಗೆ ಬಂದೂಕು ಕೊಟ್ಟದ್ದು, 1990ರಲ್ಲಿ ಉತ್ತರದ ಮುಸ್ಲಿಮರನ್ನು ಊರು ಬಿಡಿಸಿದ್ದು, ಇವನ್ನೂ ಬಿಡಬೇಡಿ. ಆ ಮನೆಗಳಲ್ಲೂ ಕಾಯುತ್ತಿರುವವರಿದ್ದಾರೆ.

ಯುದ್ಧ ಮುಗಿದ ನೆನಪಿಗೆ ಮೇ 18ರ ಸುಮಾರಿಗೆ ಮುಳ್ಳಿವಾಯ್ಕಾಲ್‌ನಲ್ಲಿ ಅಕ್ಕಿ, ನೀರು, ಉಪ್ಪಿನ ಗಂಜಿ ಕಾಯಿಸಿ ತೆಂಗಿನ ಚಿಪ್ಪಿನಲ್ಲಿ ಹಂಚುತ್ತಾರೆ. ಶೆಲ್ ಬೀಳುವಾಗ ಹೊಟ್ಟೆಗೆ ಸಿಕ್ಕಿದ್ದು ಅದೇ. ಮಾತು ಅಲ್ಲಿಂದಲೇ ಶುರು ಮಾಡಿ.